ಬಿಸಿಲಿಗೆ ಬೆಲೆಯಿಲ್ಲ, ನೀರಿಗೆ ಉಂಟು

ಹುಬ್ಬಳ್ಳಿಯಿಂದ ಶಿಗ್ಗಾವಿಗೆ ಸಾಗುವ ಹೆದ್ದಾರಿಯ ತಡಸದಂತಹ ಊರುಗಳಿಗೆ ಇಂದು ಒಂದೇ ಉಪದೇಶ: ಸೌರ ಪಂಪು ಹಾಕಿರಿ, ಬಿಸಿಲಿಗೆ ಬಿಲ್ಲಿಲ್ಲ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಕರ್ನಾಟಕದ ಮಟ್ಟಿಗೆ ಕೇಂದ್ರದ ಪಾಲು ಶೇ. 30, ರಾಜ್ಯದ ಪಾಲು ಶೇ. 50, ರೈತನ ಪಾಲು ಶೇ. 20 ಎಂದು ನಿಗದಿಯಾಯಿತು. ಆ ಪಾಲನ್ನೂ ಹೊಂದಿಸಲಾರದ ಎರಡೆಕರೆಯ ರೈತನಿಗೆ ಅದನ್ನು ತುಂಬಿಕೊಡುವುದು ಸತ್ಪಾತ್ರದಾನವೇ ಸರಿ. ಆದರೆ ದಾನವು ಅಲ್ಲಿಗೆ ಪೂರ್ಣವಾಯಿತೆಂದು ಭಾವಿಸುವುದು ಪ್ರಮಾದ.

ನಮ್ಮ ರಾಜ್ಯದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಮೊದಲೇ ಉಚಿತ. ಅದು ದಿನಕ್ಕೆ ಕೆಲವೇ ತಾಸು ಬರುವುದೊಂದೇ ಅಂತರ್ಜಲಕ್ಕೆ ಉಳಿದಿದ್ದ ಕಾವಲು. ಬೆಳಗಿನಿಂದ ಸಂಜೆಯವರೆಗೆ ತಿರುಗುವ ಸೌರ ಪಂಪು ಆ ಕಾವಲನ್ನೂ ತೆಗೆಯುತ್ತದೆ. ವ್ಯಾಪಾರಿಯ ಲೆಕ್ಕದಲ್ಲಿ ಮಳೆಯು ಬಡ್ಡಿ, ಅಂತರ್ಜಲವು ಬಂಡವಾಳ. ಬಂಡವಾಳವನ್ನು ಕರಗಿಸಿ ಉಣ್ಣುವವನನ್ನು ಯಾವ ಪೇಟೆಯೂ ಜಾಣನೆನ್ನದು.

ಬಡವನಿಗೆ ಮಿತಿ ಬೋಧಿಸುವುದು ಉಳ್ಳವರ ಚಾತುರ್ಯವೆಂಬ ಆಕ್ಷೇಪವುಂಟು. ಆದರೆ ನೀರು ಕೆಳಗಿಳಿದಾಗ ಉಳ್ಳವನು ಇನ್ನಷ್ಟು ಆಳಕ್ಕೆ ಕೊರೆಯಿಸುತ್ತಾನೆ. ಮೊದಲು ಬತ್ತುವುದು ಎರಡೆಕರೆಯವನ ಬಾವಿಯೇ. ಮಿತಿಯು ಅವನ ರಕ್ಷಣೆಗಾಗಿಯೇ ಬೇಕು. ಪರಿಹಾರವಿಲ್ಲವೆಂದಲ್ಲ. 2014ರ ಸೂರ್ಯರೈತ ಯೋಜನೆಯಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ರೈತರಿಗೆ, ಪಂಪಿಗೆ ಬಳಸಿ ಉಳಿದ ಸೌರ ವಿದ್ಯುತ್ತನ್ನು ಮಾರುವ ವ್ಯವಸ್ಥೆ ಮಾಡಲಾಯಿತು. ಅಲ್ಲಿ ನೀರೆತ್ತದೆ ಬಿಟ್ಟ ತಾಸಿಗೂ ಬೆಲೆ ಬಂದಿತು.

ಸವಳು ನೀರನ್ನು ಸಿಹಿಯಾಗಿಸುವ ಯಂತ್ರದ ವಿಚಾರವೂ ಇದೇ. ಹಳ್ಳಿಗಳ ಆರ್.ಒ. ಘಟಕಗಳಲ್ಲಿ ನೀರಿನ ದೊಡ್ಡ ಪಾಲು ಹೊರಗೆ ಹರಿದುಹೋಗುತ್ತದೆ. ಒತ್ತಡದ ಬದಲು ವಿದ್ಯುತ್ತಿನಿಂದ ಲವಣವನ್ನು ಸೆಳೆದು ತೆಗೆಯುವ ಸೌರ ಘಟಕಕ್ಕಾಗಿ ಅಮೆರಿಕದ ಎಂ.ಐ.ಟಿ. ಮತ್ತು ಜಳಗಾಂವದ ಜೈನ್ ಇರಿಗೇಶನ್ 2015ರಲ್ಲಿ ಅಂತರರಾಷ್ಟ್ರೀಯ ಬಹುಮಾನ ಗಳಿಸಿದವು. ಅದರಲ್ಲಿ ಪೋಲಾಗುವ ನೀರು ಕಡಿಮೆ. ಆದರೂ ಉಳಿದ ಉಪ್ಪು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಯಾವ ಯಂತ್ರವೂ ತಾನಾಗಿ ಬಿಡಿಸದು. ನಮ್ಮ ಹಿರಿಯರು ನೀರು ಸೋಸಿದ ಬಳಿಕ ಬಟ್ಟೆಯಲ್ಲುಳಿದ ಸೂಕ್ಷ್ಮ ಜೀವಿಗಳನ್ನು ಅದೇ ಬಾವಿಗೆ ಜಾಗ್ರತೆಯಿಂದ ಮರಳಿಸುತ್ತಿದ್ದರು. ಕೊಡ ತುಂಬಿದೊಡನೆ ಸೋಸಿದವನ ಹೊಣೆ ತೀರುತ್ತಿರಲಿಲ್ಲ. ಉಪ್ಪುನೀರನ್ನು ನೆರೆಯವನ ಹೊಲಕ್ಕೆ ಹರಿಯಬಿಡುವ ಘಟಕಕ್ಕೆ ಶುದ್ಧ ನೀರಿನ ಘಟಕವೆಂಬ ಹೆಸರು ಹೇಗೆ ಸಲ್ಲುತ್ತದೆ?

ಆದುದರಿಂದ ಬಸದಿಗಳ ಟ್ರಸ್ಟುಗಳು ಪಂಪನ್ನು ಕೊಡುವಾಗ ಹನಿ ನೀರಾವರಿಯ ಕೊಳವೆಯನ್ನೂ ಕೃಷಿಹೊಂಡವನ್ನೂ ಬಾವಿಗೆ ಮಳೆನೀರು ಇಂಗಿಸುವ ಗುಂಡಿಯನ್ನೂ ಜೊತೆಗೂಡಿಸಲಿ. ಘಟಕವನ್ನು ಕೊಡುವಾಗ ಐದು ವರ್ಷದ ದುರಸ್ತಿಯ ಹಣವನ್ನು ಪ್ರತ್ಯೇಕವಾಗಿ ಇರಿಸಲಿ, ಉಪ್ಪುನೀರಿಗೆ ನೆಲೆಯನ್ನು ಮೊದಲೇ ಗೊತ್ತುಮಾಡಲಿ. ಇಷ್ಟಾದ ಮೇಲೆ ದಾನಿಯ ಹೆಸರಿನ ಕಲ್ಲು ನಿಲ್ಲಲಿ. ಪರಿಮಾಣವ್ರತವನ್ನು ನಿತ್ಯವೂ ಸ್ಮರಿಸುವ ಸಮಾಜವು ಪರಿಮಾಣವಿಲ್ಲದ ದಾನವನ್ನು ಮಾಡಲಾಗದು.