ಒಂದೇ ಉಪಾಯಕ್ಕೆ ಹದಿನಾಲ್ಕು ಸಲ

ತುಂಬಿಸಿದ್ದನ್ನಷ್ಟೇ ಯಂತ್ರ ಹೊರಹಾಕುತ್ತದೆ, ಹೊಸದನ್ನು ಹುಟ್ಟಿಸಲಾರದು ಎಂಬ ಮಾತು ಹಳೆಯದು. 1843ರಲ್ಲೇ ಏಡಾ ಲವ್‌ಲೇಸ್, ಬ್ಯಾಬೇಜ್ ರೂಪಿಸಿದ ಯಂತ್ರದ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಬರೆದಿದ್ದರು. ಕೇಳಲು ಸಮಂಜಸವಾಗಿಯೇ ಇದೆ. ಆದರೆ 2016ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದದ್ದನ್ನು ಈ ಮಾತಿಗೆ ಹೊಂದಿಸುವುದು ನನಗಂತೂ ಕಷ್ಟವಾಗಿದೆ. 'ಗೋ' ಎಂಬುದು ಉದ್ದಕ್ಕೂ ಅಡ್ಡಕ್ಕೂ 19 ಗೆರೆಗಳಿರುವ ಮಣೆಯ ಮೇಲೆ ಕಪ್ಪು, ಬಿಳಿ ಕಾಯಿಗಳನ್ನಿಟ್ಟು ಜಾಗ ಸುತ್ತುಗಟ್ಟುವ ಆಟ. ಸೋಲ್‌ನಲ್ಲಿ ಈ ಆಟದ ಹೆಸರಾಂತ ಆಟಗಾರ ಲೀ ಸೆಡಾಲ್ ವಿರುದ್ಧದ ಎರಡನೇ ಪಂದ್ಯದ 37ನೇ ನಡೆಯಲ್ಲಿ ಆಲ್ಫಾಗೋ ಎಂಬ ತಂತ್ರಾಂಶ ಕಾಯಿ ಇಟ್ಟ ಜಾಗ ನೋಡಿ, ಬಲ್ಲವರೂ ಅದು ತಪ್ಪು ನಡೆಯಿರಬಹುದೆಂದುಕೊಂಡರು. ಮನುಷ್ಯರು ಅಲ್ಲಿ ಇಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದು ಯಂತ್ರವೇ ಅಂದಾಜು ಮಾಡಿತ್ತು. ಆದರೂ ಅಲ್ಲೇ ಇಟ್ಟಿತು, ಪಂದ್ಯವನ್ನೂ ಗೆದ್ದಿತು. ಇದು ನಕಲಾದರೆ ಯಾವುದರ ನಕಲು?

ಮನುಷ್ಯರ ಆಟಗಳನ್ನು ನೋಡಿಯೇ ಅದು ಕಲಿತದ್ದಲ್ಲವೇ ಎಂದು ನೀವು ಕೇಳಬಹುದು. ಹೌದು, ಲೀ ಸೆಡಾಲ್ ಕಲಿತದ್ದೂ ಹಾಗೆಯೇ. ಮರುವರ್ಷದ ಆಲ್ಫಾಗೋ ಝೀರೋ ಅಂತೂ ಮನುಷ್ಯರ ಒಂದೂ ಆಟ ನೋಡದೆ, ತನ್ನೊಡನೆ ತಾನೇ ಆಡಿ, ಅದಕ್ಕಿಂತ ಬಲಿಷ್ಠವಾಯಿತು.

ಹಾಗಾದರೆ ಮನುಷ್ಯನಂಥ ಸಾರ್ವತ್ರಿಕ ಬುದ್ಧಿಯೂ ಇನ್ನೇನು ಬಂದಂತೆಯೇ? ಇದನ್ನೂ ಒಪ್ಪಲಾರೆ. 2023ರಲ್ಲಿ ಅಮೆರಿಕದ ಹವ್ಯಾಸಿ ಆಟಗಾರ ಕೆಲಿನ್ ಪೆಲ್ರಿನ್, ವೃತ್ತಿಪರರನ್ನೂ ಮೀರಿಸುವ ಕಟಾಗೋ ತಂತ್ರಾಂಶವನ್ನು 15 ಆಟಗಳಲ್ಲಿ 14 ಸಲ ಸೋಲಿಸಿದರು. ಉಪಾಯ ಸರಳ: ಬೇರೆ ಮೂಲೆಗಳಲ್ಲಿ ಗಮನ ಸೆಳೆಯುತ್ತ, ಎದುರಾಳಿಯ ಕಾಯಿಗಳ ದೊಡ್ಡ ಗುಂಪನ್ನು ನಿಧಾನವಾಗಿ ಸುತ್ತುವರಿಯುವುದು. ಮನುಷ್ಯ ಎದುರಾಳಿ ಸುಲಭವಾಗಿ ಗುರುತಿಸುವ ಸಂಚು ಇದು. (ಆ ದೌರ್ಬಲ್ಯವನ್ನು ಪತ್ತೆಹಚ್ಚಿದ್ದು ಇನ್ನೊಂದು ತಂತ್ರಾಂಶ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.)

ಮನುಷ್ಯರೂ ಮೋಸಹೋಗುತ್ತಾರಲ್ಲ? ಹೋಗುತ್ತಾರೆ. ಇಂದ್ರಜಾಲದವನ ಮುಂದೆ ವಿಜ್ಞಾನಿಯೂ ಬೆಪ್ಪಾಗುತ್ತಾನೆ. ಹಾಗಾಗಿ ಸೋತದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ನನ್ನನ್ನು ತಡೆದು ನಿಲ್ಲಿಸುವುದು ಹದಿನಾಲ್ಕು ಎಂಬ ಸಂಖ್ಯೆ. ಎರಡನೇ ಸೋಲಿನ ಹೊತ್ತಿಗೆ ಹವ್ಯಾಸಿಯೂ ಎಚ್ಚೆತ್ತುಕೊಳ್ಳುತ್ತಿದ್ದ. ಕಟಾಗೋಗೆ ಹಿಂದಿನ ಆಟ ನಡೆದೇ ಇರಲಿಲ್ಲ; ಆಡುವಾಗ ಅದು ಏನನ್ನೂ ಕಲಿಯುವುದಿಲ್ಲ.

ಭಾಷಾ ಮಾದರಿಗಳ ಕಥೆ ಬೇರೆ ಎನ್ನುವವರ ಮಾತಿನಲ್ಲಿ ಹುರುಳಿದೆ. 2025ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಸಮಸ್ಯೆಗಳಲ್ಲಿ ಐದನ್ನು ಅವುಗಳಲ್ಲಿ ಕೆಲವು ಬಿಡಿಸಿ ಚಿನ್ನದ ಪದಕದ ಮಟ್ಟ ಮುಟ್ಟಿದವು. ಆದರೂ ಒಂದು ಪೂರ್ವಗ್ರಹ ಉಳಿದೇ ಇದೆ. ಸೃಜನಶೀಲತೆಯನ್ನು ಬುದ್ಧಿಯ ಶಿಖರವೆಂದೂ ಸಾಮಾನ್ಯ ತಿಳಿವಳಿಕೆಯನ್ನು ಅದರ ತಪ್ಪಲೆಂದೂ ನಾವು ಭಾವಿಸಿದ್ದೇವೆ. ಶಿಖರ ಮುಟ್ಟಿದವರು ತಪ್ಪಲನ್ನು ದಾಟಿಯೇ ಬಂದಿರಬೇಕಲ್ಲ! ಹೇಳದೆ ಕೇಳದೆ ನೆಂಟರು ಬಂದಿಳಿದ ಹೊತ್ತಿಗೇ ಗ್ಯಾಸ್ ಮುಗಿದು, ಕರೆಂಟೂ ಹೋದಾಗ, ಮನೆ ನಡೆಸುವವರು ಅವಲಕ್ಕಿ ನೆನೆಹಾಕಿ, ಪಕ್ಕದ ಮನೆಯ ಒಲೆಯಲ್ಲಿ ಕಾಫಿ ಕಾಯಿಸಿ ತಂದು ಹೇಗೋ ನಿಭಾಯಿಸುತ್ತಾರೆ. ಇದನ್ನು ಯಾರೂ ಪ್ರತಿಭೆ ಎನ್ನುವುದಿಲ್ಲ. ಯಂತ್ರಕ್ಕೆ 37ನೇ ನಡೆಗಿಂತ ಇದೇ ಕಠಿಣವಾಗಿರಬಹುದು ಎಂಬುದು ನನ್ನ ಗುಮಾನಿ.

ಎಂದೆಂದಿಗೂ ಆಗದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಬೇಕಾದ ಆಧಾರ ನನ್ನ ಬಳಿ ಇಲ್ಲ. ಹೀಗೆ ಒಮ್ಮೆ ಸೋತ ಯಂತ್ರ, ಯಾರೂ ಮತ್ತೆ ತರಬೇತಿ ಕೊಡದೆ, ಮುಂದಿನ ಆಟದಲ್ಲಿ ತಾನಾಗಿಯೇ ಆ ಸುತ್ತುಗಟ್ಟುವಿಕೆಯನ್ನು ಗುರುತಿಸಿದರೆ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳಲು ಸಿದ್ಧನಿದ್ದೇನೆ.