ಎಲ್ಲರೂ ಹಾಡುವ ಬಳಗ ಬೇಕು

ನಮ್ಮಲ್ಲಿ ಸಂಗೀತವೆಂದರೆ ಒಬ್ಬರು ಹಾಡುವುದು, ಉಳಿದವರು ತಲೆದೂಗುವುದು. ಭಜನಾ ಮಂಡಳಿಗಳನ್ನು ಬಿಟ್ಟರೆ ಸಾಮಾನ್ಯ ಕಂಠಕ್ಕೆ ಎಡೆಯೆಲ್ಲಿ?

ಸುಮಾರು ಹದಿಮೂರು ಲಕ್ಷ ಜನಸಂಖ್ಯೆಯ ಎಸ್ಟೋನಿಯಾವನ್ನು ನೋಡಿ. 1869ರಲ್ಲಿ ಟಾರ್ಟುವಿನಲ್ಲಿ ಆರಂಭವಾದ ಅಲ್ಲಿನ ಗಾನೋತ್ಸವದಲ್ಲಿ ಇಂದು ಮಕ್ಕಳಿಂದ ವೃದ್ಧರವರೆಗೆ ಹತ್ತಾರು ಸಾವಿರ ಮಂದಿ ಹಾಡುತ್ತಾರೆ. ಹೆಚ್ಚಿನವರು ವೃತ್ತಿಗಾಯಕರಲ್ಲ; ಊರಿನ ವೃಂದದಲ್ಲಿ ಅಭ್ಯಾಸ ಮಾಡಿದವರು. 1988ರಲ್ಲಿ ಆ ಜನ ಸೋವಿಯತ್ ಆಳ್ವಿಕೆಯ ವಿರುದ್ಧ ದನಿಯೆತ್ತಿದ್ದು ಹಾಡಿನ ಮೂಲಕವೂ ಹೌದು.

ನಮ್ಮ ನಾಡಗೀತೆಯ ಧಾಟಿ, ಅವಧಿಗಳನ್ನು ಸರ್ಕಾರ 2022ರಲ್ಲಿ ನಿಗದಿಪಡಿಸಿತು. ಆದರೂ ಸಮಾರಂಭಗಳಲ್ಲಿ ವೇದಿಕೆಯ ನಾಲ್ವರು ಹಾಡುತ್ತಾರೆ, ಸಭಿಕರು ತುಟಿ ಬಿಗಿದು ನಿಲ್ಲುತ್ತಾರೆ. ಅಜ್ಜಿ-ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಹಾಡುವ, ಲಾಭದ ಹಂಗಿಲ್ಲದ ಬಳಗಕ್ಕೆ ಬೇಕಾದುದು ಕೊಠಡಿ, ಹಾರ್ಮೋನಿಯಂ, ಸಹನೆಯುಳ್ಳ ಒಬ್ಬ ಮೇಷ್ಟ್ರು. ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆಗಳನ್ನು ವಾರಕ್ಕೆರಡು ಗಂಟೆ ತೆರೆಯಲು ಅಡ್ಡಿಯೇನು? ಪ್ರವೇಶಕ್ಕೆ ಕಂಠಪರೀಕ್ಷೆ ಇಡಕೂಡದೆಂಬುದೊಂದೇ ನನ್ನ ಷರತ್ತು.