ಜನವಿರಳ ಪ್ರದೇಶವೆಂದರೆ ಯಾರ ಹೊಲ?

ಹವ್ಯಾಸಿಗಳು ಸ್ವಂತ ಕೈಯಿಂದ ಕಟ್ಟಿದ ವಿಮಾನವನ್ನು ಮೊದಲ 40 ಗಂಟೆ, ಎಂಜಿನು-ಪ್ರೊಪೆಲ್ಲರ್ ಜೋಡಿ ಪ್ರಮಾಣಿತವಾಗಿದ್ದರೆ 25 ಗಂಟೆ, ಪ್ರಯಾಣಿಕರಿಲ್ಲದೆ ಗೊತ್ತುಪಡಿಸಿದ ಪ್ರದೇಶದಲ್ಲೇ ಹಾರಿಸಿ ನೋಡಬೇಕೆಂಬುದು ಅಮೆರಿಕದಲ್ಲಿ ನಡೆದುಬಂದ ನಿಯಮ. ಗಂಟೆ ಎಣಿಸುವ ಬದಲು ಗೊತ್ತಾದ ಪರೀಕ್ಷೆಗಳನ್ನು ಮುಗಿಸುವ ದಾರಿಯೂ ಈಗ ಅಲ್ಲಿದೆ. ನಮ್ಮಲ್ಲಿ, ಮುಂಬಯಿಯ ತಾರಸಿಯೊಂದರ ಮೇಲೆ ಅಮೋಲ್ ಯಾದವ್ ಕಟ್ಟಿದ ವಿಮಾನಕ್ಕೆ ಹಾರಾಟದ ಅನುಮತಿ ದೊರೆತದ್ದು 2019ರಲ್ಲಿ.

ಪರೀಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು 'ಜನವಿರಳ ಪ್ರದೇಶ' ಎಂಬ ಮಾತಿನ ಮೇಲೆ. ಚಳ್ಳಕೆರೆಯ ಪರೀಕ್ಷಾ ನೆಲೆ 2017ರಲ್ಲಿ ತೆರೆಯಿತು. ಅಲ್ಲಿ ಹಾರಿದ್ದು ಹವ್ಯಾಸಿಗಳ ವಿಮಾನವಲ್ಲ, ಸರಕಾರದ ಪೈಲಟ್‌ರಹಿತ ವಿಮಾನ. ಆದರೂ ಅದು 2019ರ ಸೆಪ್ಟೆಂಬರದಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆ ಬಳಿ ಬಿತ್ತು. ಪ್ರಾಣಹಾನಿಯಾಗಲಿಲ್ಲ, ಪುಣ್ಯ.

ಆ ಚಿತ್ರದುರ್ಗದ ಸೀಮೆಗೆ ತಾಗಿಕೊಂಡೇ ಅನಂತಪುರದ ರಾಯದುರ್ಗವಿದೆ. ತುಮಕೂರಿನ ಅಂಚಿಗೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರ. ಶೇಂಗಾ ಬೆಳೆಯುವ ಒಣ ಬಯಲು. ನಕ್ಷೆ ನೋಡುವವರಿಗೆ ಜನವಿರಳ. ಒಳಗೆ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡ ಮನೆಗಳು. ನಾಳೆ ಹವ್ಯಾಸಿ ವಿಮಾನಗಳಿಗೆ ಇಂಥ ಬಯಲನ್ನೇ ಗೊತ್ತುಮಾಡಿದರೆ, ಹಾರಾಟದ ದಿನ, ವೇಳೆ, ಬೆಳೆ ಹಾಳಾದರೆ ಪರಿಹಾರ ಕೊಡುವವರ ಹೆಸರು ಪಂಚಾಯತಿನ ಗೋಡೆಯ ಮೇಲೆ ತೆಲುಗಿನ ಜೊತೆಗೆ ಕನ್ನಡದಲ್ಲೂ ಇರಬೇಕು. ಕನ್ನಡ ನೋಟೀಸಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನುಮತಿಯ ಷರತ್ತಿನಲ್ಲೇ ಇದು ಸೇರಲಿ.